ಕೊಂಕ್ ಗ್ರಾಮ: ಒಂದು ಯಾತ್ರಾಸ್ಥಳವೂ ಅದನ್ನು ನೋಡಬಂದವರೂ

೧

ಫ್ರಾನ್ಸ್ ದೇಶದ ದಕ್ಷಿಣಭಾಗದಲ್ಲಿ, ಪೂರ್ವಕಾಲದಲ್ಲಿ ರುಯೆರ್ಗ್ ಎಂದು ಹೆಸರಾಗಿದ್ದು ೧೭೯೦ರಿಂದ ಅವೆರೋಂ ಎಂಬ ಆಡಳಿತವಿಭಾಗವಾದ ಬೆಟ್ಟಸೀಮೆಯಲ್ಲಿ, ಕೊಂಕ್ ಎಂಬ ಒಂದು ಸಣ್ಣ ಗ್ರಾಮವುಂಟು. ಊಶ್ ಎಂಬ ತೊರೆಯು ದೂರ್ದೂ ಎಂಬ ಹೊಳೆಯನ್ನು ಸೇರುವ ಕಡೆಯಲ್ಲಿ, ಕಡಿದಾದ ಇಳಿಜಾರಿನ ಮೇಲೆ, ಅರ್ಧವೃತ್ತಾಕಾರವಾಗಿ ಮನೆಗಳು ಒಂದರ ಮೇಲೊಂದು ನಿಂತಿವೆ. ಗೋಡೆಗಳು ಪದರುಗಲ್ಲಿನವು, ಮೇಲಣ ಅಂತಸ್ತುಗಳು ಮರದ ಚೌಕಟ್ಟಿನವು, ಮಾಡುಗಳಿಗೆ ಹೊದಿಸಿರುವುದೂ ಅದೇ ಬೆಟ್ಟದ ಕಲ್ಲಿನ ತೆಳು ಹಲಗೆಗಳನ್ನೇ. ಇವೆಲ್ಲದರ ನಡುವೆ, ಊರಿನ ಅಳತೆಗೆ ಎಷ್ಟುಮಾತ್ರವೂ ಹೊಂದದಷ್ಟು ದೊಡ್ಡದಾದ ಒಂದು ದೇವಾಲಯ ನಿಂತಿದೆ. ಎದುರುಗಡೆಯ ಬಾಂಕರೆಲ್ ದಿಬ್ಬದಿಂದ ನೋಡಿದರೆ ಊರೆಲ್ಲವೂ ಒಂದು ಚಿಪ್ಪಿನೊಳಗೆ ಕುಳಿತಂತೆ ಕಾಣುವುದು. ಹೆಸರಿನ ಅರ್ಥವೂ ಅದೇ. ಲ್ಯಾಟಿನ್ ಭಾಷೆಯ 'ಕೊಂಖಾ', ಅಂದರೆ ಚಿಪ್ಪು, ಅದರ ಮೂಲವೆಂದು ಹೇಳುತ್ತಾರೆ. ಆ ಶಬ್ದವಾದರೋ ಗ್ರೀಕರಿಂದ ಬಂದುದು, ನಮ್ಮ 'ಶಂಖ' ಶಬ್ದಕ್ಕೆ ಜ್ಞಾತಿಯಾದುದು ಎಂಬುದು ಭಾಷಾಶಾಸ್ತ್ರಜ್ಞರ ಮತ.

ಮಧ್ಯಯುಗದ ಗ್ರಾಮವೊಂದು ಹೀಗೆ ಹಾಳಾಗದೆ ಉಳಿದುಬಂದಾಗ, ಅದನ್ನು ಕಾಲದ ಕೃಪೆಯೆಂದು ಕೊಂಡಾಡಿ ಸುಮ್ಮನಾಗುವುದು ಪ್ರವಾಸಗ್ರಂಥಗಳ ವಾಡಿಕೆ. ಆದರೆ ಕಾಲವು ತಾನಾಗಿ ಯಾವುದನ್ನೂ ಉಳಿಸುವುದಿಲ್ಲ. ಕೊಂಕ್ ಉಳಿದುದು ಯಾರಿಂದ, ಯಾವ ಕಾರಣದಿಂದ? ಅಲ್ಲಿಗೆ ನೋಡಬಂದ ಹೊರಗಿನವರು ಏನನ್ನು ಕಂಡರು? ಒಳಗಿದ್ದವರು ಏನನ್ನು ಕಾಪಾಡಿದರು? ಉಳಿಯದೆ ಹೋಗುತ್ತಿರುವುದು ಏನಾದರೂ ಉಂಟೆ? ಈ ಪ್ರಶ್ನೆಗಳನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

೨

ಎಂಟನೆಯ ಶತಮಾನದ ಕೊನೆಯಲ್ಲಿ ದಾದೋ ಎಂಬ ಏಕಾಂತವಾಸಿಯೊಬ್ಬನು ಈ ಕಣಿವೆಯಲ್ಲಿ ತಪಸ್ಸಿಗೆ ನೆಲಸಿದನು. ಅವನ ಸುತ್ತ ಕೆಲವರು ಸೇರಿ, ಬೆನೆಡಿಕ್ಟನ ನಿಯಮವನ್ನು ಅನುಸರಿಸುವ ಒಂದು ಮಠವಾಯಿತು. ಶಾರ್ಲಮಾನ್ ಚಕ್ರವರ್ತಿಯ ಮಗನಾದ ಲೂಯಿಯು ಆ ಮಠಕ್ಕೆ ಆಶ್ರಯವಿತ್ತು ೮೧೯ರಲ್ಲಿ ಶಾಸನಪತ್ರವನ್ನು ಬರೆಯಿಸಿಕೊಟ್ಟನು. ಆದರೂ ಸ್ಥಳ ದುರ್ಗಮವಾದುದು; ನೆಲ ಸಾರವಿಲ್ಲದುದು. ಹೆಚ್ಚು ಅನುಕೂಲವಾದ ಫಿಜಾಕ್ ಎಂಬಲ್ಲಿ ಮತ್ತೊಂದು ಮಠ ಎದ್ದು, ತಾನೇ ಹಿರಿದೆಂದು ಹೇಳಿಕೊಳ್ಳತೊಡಗಿತು. ಅಂದಿನ ಮಠಗಳಿಗೆ ಕೀರ್ತಿಯೂ ದತ್ತಿಯೂ ದೊರೆಯುತ್ತಿದ್ದುದು ಮುಖ್ಯವಾಗಿ ಸಂತರ ಅಸ್ಥಿಶೇಷಗಳಿಂದ. ಕೊಂಕ್‌ನಲ್ಲಿ ಹೆಸರಾದ ಸಂತರ ಅಸ್ಥಿ ಇರಲಿಲ್ಲ. ಸ್ಪೇನಿನಿಂದ ಸಂತ ವಿನ್ಸೆಂಟನ ಅಸ್ಥಿಗಳನ್ನು ತರಲು ಮಾಡಿದ ಪ್ರಯತ್ನ ಕೈಗೂಡದೆ, ಅವು ಕೊನೆಗೆ ಕಾಸ್ತ್ರ್ ಎಂಬ ಬೇರೆ ಮಠದ ಪಾಲಾದುವು.

ಆಗ ನಡೆದ ಸಂಗತಿಯನ್ನು ಕೊಂಕ್‌ನ ಯತಿಗಳೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಅಜೆನ್ ಪಟ್ಟಣದಲ್ಲಿ ಫಿಡೆಸ್ ಎಂಬ ಬಾಲಿಕೆಯ ಸಮಾಧಿಯಿತ್ತು. ಲ್ಯಾಟಿನಿನ 'ಫಿಡೆಸ್' ಎಂದರೆ ಶ್ರದ್ಧೆ. ಫ್ರೆಂಚರು ಅವಳನ್ನು ಸೇಂತ್ ಫ್ವಾ ಎಂದೂ, ಆ ಸೀಮೆಯ ಜನರು ತಮ್ಮ ಆಕ್ಸಿತಾನ್ ಭಾಷೆಯಲ್ಲಿ ಸಾಂತಾ ಫೆ ಎಂದೂ ಕರೆಯುವರು. ರೋಮ್ ಚಕ್ರವರ್ತಿಯಾದ ಡಯೊಕ್ಲೆಟಿಯನ್ನನ ಕಾಲದ ಹಿಂಸೆಯಲ್ಲಿ, ಸುಮಾರು ೩೦೩ರಲ್ಲಿ, ಹನ್ನೆರಡು ವರ್ಷದ ಈ ಹುಡುಗಿ ಮತಕ್ಕಾಗಿ ಪ್ರಾಣಕೊಟ್ಟಳೆಂದು ಸಂಪ್ರದಾಯ. ಕೊಂಕ್‌ನ ಯತಿಯೊಬ್ಬನು ಅಜೆನಿಗೆ ಹೋಗಿ, ಅಲ್ಲಿಯವರ ವಿಶ್ವಾಸವನ್ನು ಸಂಪಾದಿಸಿ, ಹತ್ತು ವರ್ಷ ಕಾದು, ತನ್ನನ್ನೇ ಸಮಾಧಿಗೆ ಕಾವಲಿರಿಸಿದ್ದ ಒಂದು ರಾತ್ರಿ ಅದನ್ನೊಡೆದು ಅಸ್ಥಿಗಳನ್ನು ತಂದನೆಂದು ಕಥೆ. ಇದು ೮೬೬ರ ಸುಮಾರಿಗೆ ನಡೆದುದೆಂದು ಎಣಿಸುವರು.

ಇಂದಿನ ವಾಚಕರಿಗೆ ಇದು ಕಳವಲ್ಲದೆ ಬೇರೇನೂ ಅಲ್ಲ. ಆದರೆ ಅಂದಿನ ಬರೆಹಗಾರರು ಇದನ್ನು 'ಸ್ಥಳಾಂತರ' ಎಂದು ಕರೆದರು. ಸಂತಳಿಗೆ ಇಷ್ಟವಿಲ್ಲದಿದ್ದರೆ ಕಳ್ಳನ ಕೈ ಅವಳನ್ನು ಮುಟ್ಟಲಾರದು. ಕೆಲಸ ಕೈಗೂಡಿತಾದುದರಿಂದ ಅವಳೇ ಬರಲು ಇಚ್ಛಿಸಿದಳು: ಇದು ಅವರ ತರ್ಕ. ಪ್ಯಾಟ್ರಿಕ್ ಗೀರಿ ಎಂಬ ಅಮೆರಿಕದ ಇತಿಹಾಸಕಾರರು ೧೯೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಕಳವಿನ ಕಥೆಗಳನ್ನು ಒಟ್ಟುಗೂಡಿಸಿ, ಇವುಗಳನ್ನು ನಡೆದ ಘಟನೆಯ ವರದಿಗಳೆಂದು ಮಾತ್ರವೇ ಅಲ್ಲ, ಒಂದು ಸಾಹಿತ್ಯಪ್ರಕಾರವೆಂದೂ ಓದಬೇಕೆಂದು ತೋರಿಸಿದ್ದಾರೆ. ನಡೆದುದು ಹೇಗಾದರೂ ಇರಲಿ, ಅದರ ಫಲವಂತೂ ನಿಶ್ಚಿತ. ಆ ಅಸ್ಥಿಗಳು ಬಂದಮೇಲೆ ಜನ ಬಂದರು. ಜನದ ಹಿಂದೆ ದಾರಿ ಬಂದಿತು. ದಾರಿಯ ಹಿಂದೆ ದೇವಾಲಯ ಬಂದಿತು.

೩

ಬಂದವರಲ್ಲಿ ಬರೆವಣಿಗೆಯನ್ನು ಬಿಟ್ಟುಹೋದ ಮೊದಲನೆಯ ಮುಖ್ಯ ಪ್ರೇಕ್ಷಕನು ಬೆರ್ನಾರ್ ಎಂಬ ಪಂಡಿತ. ಈತ ಶಾರ್ತ್ರ್ ನಗರದ ವಿಖ್ಯಾತ ವಿದ್ವಾಂಸನಾದ ಫ್ಯುಲ್ಬೇರನ ಪರಿಚಯವುಳ್ಳವನು. ಆಂಜೆ ಪಟ್ಟಣದಲ್ಲಿ ಉಪಾಧ್ಯಾಯನಾಗಿದ್ದವನು. ಸಾಂತಾ ಫೆಯ ಪವಾಡಗಳ ಸುದ್ದಿಯನ್ನು ಕೇಳಿ, ಅದರಲ್ಲಿ ಬಹುಭಾಗ ಹಳ್ಳಿಗರ ಕಟ್ಟುಕಥೆಯೆಂದು ಬಗೆದು, ಸತ್ಯವನ್ನು ಪರೀಕ್ಷಿಸಬೇಕೆಂದು ೧೦೧೩ರಲ್ಲಿ ದಕ್ಷಿಣಕ್ಕೆ ಹೊರಟನು.

ಆ ದೇಶದಲ್ಲಿ ಸಂತರ ಅಸ್ಥಿಗಳನ್ನು ಪೆಟ್ಟಿಗೆಯಲ್ಲಿ ಇಡುವುದಕ್ಕೆ ಬದಲಾಗಿ ಮನುಷ್ಯಾಕಾರದ ಲೋಹಮೂರ್ತಿಗಳಲ್ಲಿ ಇರಿಸುವ ಪದ್ಧತಿಯಿತ್ತು. ಸಾಂತಾ ಫೆಯ ಮೂರ್ತಿ ಈಗಲೂ ಕೊಂಕ್‌ನ ಭಂಡಾರದಲ್ಲಿದೆ. ಸುಮಾರು ೮೫ ಸೆಂಟಿಮೀಟರು ಎತ್ತರ, ಒಳಗೆ ಮರ, ಹೊರಗೆ ಚಿನ್ನದ ತಗಡು, ಆಸನಸ್ಥಭಂಗಿ, ಮೈತುಂಬ ರತ್ನಗಳು, ಕೆತ್ತನೆಯ ಹರಳುಗಳು. ಮುಖ ಹುಡುಗಿಯದಲ್ಲ. ರೋಮ್ ಸಾಮ್ರಾಜ್ಯದ ಕೊನೆಗಾಲದ ಯಾವುದೋ ಶಿರಸ್ಸನ್ನು ತಂದು ಇದಕ್ಕೆ ಜೋಡಿಸಿದ್ದಾರೆ. ಆದುದರಿಂದಲೇ ಆ ದೃಷ್ಟಿಯಲ್ಲಿ ಒಂದು ಕಾಠಿಣ್ಯವುಂಟು. ಜಮೀನಿನ ವ್ಯಾಜ್ಯಗಳಾದಾಗ ಯತಿಗಳು ಈ ಮೂರ್ತಿಯನ್ನು ಉತ್ಸವಮೂರ್ತಿಯಂತೆ ಹೊತ್ತು ಮೆರವಣಿಗೆ ಹೋಗುತ್ತಿದ್ದರು. ರೊದೆಜಿನ ಬಿಷಪ್ಪನು ಕೂಡಿಸಿದ ಸಭೆಗೆ ಇದನ್ನೂ ಇತರ ಮಠಗಳ ಮೂರ್ತಿಗಳನ್ನೂ ತಂದು, ಬಯಲಿನ ಡೇರೆಗಳಲ್ಲಿ ಸಾಲಾಗಿ ಇಟ್ಟಿದ್ದರು.

ಉತ್ತರದೇಶದ ಪಂಡಿತನಿಗೆ ಇದು ಸಹಿಸಲಿಲ್ಲ. ದಾರಿಯಲ್ಲಿ ಓರಿಯಾಕ್ ಎಂಬಲ್ಲಿ ಸಂತ ಜೆರಾಲ್ಡನ ಇಂಥ ಮೂರ್ತಿಯನ್ನು ನೋಡಿ, ಜ್ಯೂಪಿಟರನಿಗೂ ಮಾರ್ಸನಿಗೂ ತಕ್ಕ ವಿಗ್ರಹವೆಂದು ಸಂಗಡಿಗನೊಡನೆ ನಗೆಯಾಡಿದನು. ಮೂರು ದಿನಗಳ ಮೇಲೆ ಕೊಂಕ್‌ಗೆ ಬಂದಾಗಲೂ ಅವನ ಮನಸ್ಸು ಹಾಗೆಯೇ ಇತ್ತು. ಆದರೆ ಅಲ್ಲಿ ನಿಂತು, ಜನರನ್ನು ಪ್ರಶ್ನಿಸಿ, ಹೇಳಿದುದನ್ನು ಬರೆದುಕೊಂಡಂತೆಲ್ಲ ಆ ಅಭಿಪ್ರಾಯ ಸಡಿಲವಾಯಿತು. ಕಣ್ಣು ಕೀಳಿಸಿಕೊಂಡು ಮತ್ತೆ ಪಡೆದನೆಂದು ಪ್ರಸಿದ್ಧನಾದ ಗಿಬೇರ್ ಎಂಬವನನ್ನು ಅವನೇ ಕಂಡು ವಿಚಾರಿಸಿದನು. ಮೂರ್ತಿಯನ್ನು ಜನರು ದೇವರೆಂದು ಬಗೆದು ಬಲಿಕೊಡುವುದಿಲ್ಲ, ಅದು ಹುತಾತ್ಮಳ ಸ್ಮರಣೆಗೆ ಸಾಧನವೆಂದು ಒಪ್ಪಿ, ತನ್ನ ಹಿಂದಿನ ಪರಿಹಾಸವನ್ನು ತಾನೇ ಖಂಡಿಸಿಕೊಂಡನು. ಇದರ ಫಲವೇ 'ಪವಾಡಗಳ ಗ್ರಂಥ'. ಇದರ ಮೊದಲ ಎರಡು ಭಾಗಗಳು ಬೆರ್ನಾರನವು. ಉಳಿದುವನ್ನು ಮಠದ ಯತಿಗಳು ಮುಂದುವರಿಸಿದರು.

ಈ ಗ್ರಂಥದಲ್ಲಿ ಕಾಣುವ ಸಾಂತಾ ಫೆ ಗಂಭೀರಳಾದ ದೇವತೆಯಲ್ಲ, ಹಟಮಾರಿಯಾದ ಮಗು. ತುಲೂಜಿನ ಕೌಂಟನ ಪತ್ನಿಯಾದ ಅರ್ಸಿಂದಳ ಕನಸಿನಲ್ಲಿ ಬಂದು ಅವಳ ಚಿನ್ನದ ಕಡಗಗಳನ್ನು ಕೇಳುತ್ತಾಳೆ. ಸೆರೆಯಾಳುಗಳ ಬೇಡಿಗಳನ್ನು ಕಳಚುತ್ತಾಳೆ. ಬಿಡುಗಡೆಯಾದವರು ತಂದು ಒಪ್ಪಿಸಿದ ಸಂಕೋಲೆಗಳು ಹೆಚ್ಚಾಗಿ, ಕಮ್ಮಾರರಿಂದ ಅವುಗಳನ್ನು ಬಾಗಿಲುಗಳಾಗಿ ಬಡಿಸಬೇಕಾಯಿತೆಂದು ಬೆರ್ನಾರ್ ಬರೆಯುತ್ತಾನೆ. ಇಂಥ ಚಿಕ್ಕ ಪವಾಡಗಳನ್ನು ಆ ಊರಿನವರು ಅವಳ 'ಆಟ'ಗಳೆಂದು ಕರೆಯುತ್ತಿದ್ದರಂತೆ. ಸ್ಥಳೀಯರ ಮಾತನ್ನು ಹಾಗೆಯೇ ಎತ್ತಿಕೊಂಡಿರುವುದು ಗಮನಿಸತಕ್ಕದ್ದು.

ಸಾಹಿತ್ಯದ ಚರಿತ್ರೆಗೆ ಇದಕ್ಕಿಂತಲೂ ಮುಖ್ಯವಾದ ಒಂದು ಪ್ರಸಂಗ ಆ ಗ್ರಂಥದಲ್ಲುಂಟು. ಹಬ್ಬದ ಹಿಂದಿನ ರಾತ್ರಿ ಜಾಗರಣೆಗೆ ಬಂದ ಹಳ್ಳಿಗರಿಗೆ ಲ್ಯಾಟಿನ್ ಸ್ತೋತ್ರಗಳು ಬಾರವು. ಆದುದರಿಂದ ಅವರು ದೇವಾಲಯದೊಳಗೆ ತಮ್ಮ ಹಳ್ಳಿಯ ಹಾಡುಗಳನ್ನು ಹಾಡಿ ಬೇಸರ ಕಳೆಯುತ್ತಿದ್ದರು. ಯತಿಗಳು ಇದನ್ನು ನಿಷೇಧಿಸಿ ಬಾಗಿಲುಗಳನ್ನು ಮುಚ್ಚಿದರು. ಮುಚ್ಚಿದ ಬಾಗಿಲುಗಳು ರಾತ್ರಿ ತಾವಾಗಿ ತೆರೆದುಕೊಂಡುವು. ಬೆಳಗಾಗುವಾಗ ಜನ ಒಳಗೆ ತುಂಬಿದ್ದರು. ಬೆರ್ನಾರನು ಮೊದಲು ಈ ಹಾಡುಗಳನ್ನು ಅಸಭ್ಯವೆಂದು ಆಕ್ಷೇಪಿಸಿ, ಈ ಸಂಗತಿಯನ್ನು ಕೇಳಿದಮೇಲೆ, ಶುದ್ಧ ಮನಸ್ಸಿನಿಂದ ಹಾಡುವವರ ಭಾಷೆಯನ್ನು ದೇವರು ಲೆಕ್ಕಿಸಲಾರನೆಂದು ಒಪ್ಪುತ್ತಾನೆ. ಪವಾಡವನ್ನು ನಾವು ನಂಬಬೇಕಾಗಿಲ್ಲ. ಆದರೆ ಹನ್ನೊಂದನೆಯ ಶತಮಾನದ ಆರಂಭದಲ್ಲಿ ರುಯೆರ್ಗಿನ ಒಕ್ಕಲಿಗರು ತಮ್ಮ ನುಡಿಯ ಹಾಡುಗಳನ್ನು ದೇವಾಲಯದೊಳಗೆ ಹಾಡುತ್ತಿದ್ದರೆಂಬುದಕ್ಕೂ, ವಿದ್ಯಾವಂತರು ಅದನ್ನು ತಡೆಯಲೆತ್ನಿಸಿ ಸೋತರೆಂಬುದಕ್ಕೂ ಇದು ಬೆಲೆಯುಳ್ಳ ಸಾಕ್ಷ್ಯ.

೪

ಬೆರ್ನಾರನು ಕಂಡ ಹಳೆಯ ದೇವಾಲಯ ಯಾತ್ರಿಕರಿಗೆ ಸಾಲದೆ ಬಂದು, ೧೦೩೧ರಿಂದ ೧೦೬೫ರ ವರೆಗೆ ಮಠಾಧಿಪತಿಯಾಗಿದ್ದ ಒದೊಲ್ರಿಕನ ಕಾಲದಲ್ಲಿ ಈಗಿನ ಕಟ್ಟಡ ಆರಂಭವಾಯಿತು. ೧೦೮೭ರಿಂದ ೧೧೦೭ರ ವರೆಗೆ ಅಧಿಪತಿಯಾಗಿದ್ದ ಬೆಗೋನನು ಅದನ್ನು ಮುಂದುವರಿಸಿ, ಅಕ್ಕಸಾಲೆಯ ಕೆಲಸಗಳಿಂದ ಭಂಡಾರವನ್ನೂ ತುಂಬಿದನು. ನಡುವಣ ಅಂಕಣದ ಎತ್ತರ ೨೨ ಮೀಟರು. ಯಾತ್ರಿಕರು ಪೂಜೆಗೆ ಅಡ್ಡಿಯಾಗದಂತೆ ಸುತ್ತಿಬರಲು ಗರ್ಭಗೃಹದ ಸುತ್ತ ಪ್ರದಕ್ಷಿಣಪಥವುಂಟು. ಸ್ಥಳ ಇಕ್ಕಟ್ಟಾದುದರಿಂದ ಉದ್ದ ಕಡಿಮೆಯಾಗಿ ಎತ್ತರ ಹೆಚ್ಚಾಗಿದೆ. ತುಲೂಜಿನ ಸೇಂ ಸೆರ್ನೇಂ ದೇವಾಲಯ, ಸ್ಪೇನಿನ ಸಾಂತಿಯಾಗೊ ದೇವಾಲಯ ಇವುಗಳ ಮಾದರಿಯೂ ಇದೇ. ಈ ಸಾಮ್ಯ ಆಕಸ್ಮಿಕವಲ್ಲ. ಲ ಪ್ಯುಯಿ ಪಟ್ಟಣದಿಂದ ಸಾಂತಿಯಾಗೊವಿಗೆ ಹೋಗುವ ಮಾರ್ಗದಲ್ಲಿ ಕೊಂಕ್ ಒಂದು ಮುಖ್ಯವಾದ ಬೀಡು; ಹನ್ನೆರಡನೆಯ ಶತಮಾನದ 'ಯಾತ್ರಿಕರ ಕೈಪಿಡಿ' ಈ ದಾರಿಯವರು ಸಾಂತಾ ಫೆಯ ದರ್ಶನ ಮಾಡತಕ್ಕದ್ದೆಂದು ವಿಧಿಸುತ್ತದೆ.

ಪಶ್ಚಿಮದ ಬಾಗಿಲಿನ ಮೇಲಣ ಅರ್ಧಚಂದ್ರಾಕಾರದ ಶಿಲಾಫಲಕವನ್ನು ನೋಡಲಿಕ್ಕಾಗಿಯೇ ಇಂದು ಅನೇಕರು ಬರುವರು. ಹನ್ನೆರಡನೆಯ ಶತಮಾನದ ಪೂರ್ವಾರ್ಧದ ಈ ಕೆತ್ತನೆಯಲ್ಲಿ ೧೨೪ ಆಕೃತಿಗಳಿವೆ. ವಿಷಯ ಅಂತಿಮ ನ್ಯಾಯವಿಚಾರಣೆ. ನಡುವೆ ಕ್ರಿಸ್ತನು ಕುಳಿತಿದ್ದಾನೆ. ಅವನ ಬಲಗೈ ಮೇಲಕ್ಕೆತ್ತಿದೆ, ಎಡಗೈ ಕೆಳಕ್ಕಿಳಿದಿದೆ. ಬಲಗಡೆ ಸ್ವರ್ಗ, ಎಡಗಡೆ ನರಕ. ಸ್ವರ್ಗದ ಸಾಲು ಶಾಂತವಾದುದು: ಮೇರಿ, ಪೀಟರ್, ಊರುಗೋಲು ಹಿಡಿದ ಏಕಾಂತವಾಸಿ, ಮಠಾಧಿಪತಿಯ ಹಿಂದೆ ಕುಗ್ಗಿ ನಡೆಯುವ ಒಬ್ಬ ಅರಸು. ಅವನು ಶಾರ್ಲಮಾನನೆಂದು ಸಂಪ್ರದಾಯ. ಚಕ್ರವರ್ತಿಯು ಇಲ್ಲಿ ತನ್ನ ಬಲದಿಂದ ಒಳಹೊಗುತ್ತಿಲ್ಲ. ಯತಿಗಳ ಶಿಫಾರಸಿನಿಂದ ಹೊಗುತ್ತಿದ್ದಾನೆ. ನರಕದಲ್ಲಿ ಕುದುರೆಯಿಂದ ತಲೆಕೆಳಗಾಗಿ ಬೀಳುವ ಯೋಧನೂ, ಕೊರಳಿಗೆ ಹಣದ ಚೀಲ ತೂಗುಹಾಕಿದ ಲೋಭಿಯೂ, ಖೋಟಾ ನಾಣ್ಯ ಮಾಡುವವನೂ ಇದ್ದಾರೆ. ಶಿಲ್ಪಿಯು ತನ್ನ ಕಾಲದ ಜನರನ್ನೇ ಅಲ್ಲಿ ನಿಲ್ಲಿಸಿದ್ದಾನೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ.

ಇವೆಲ್ಲಕ್ಕೂ ಪಕ್ಕದಲ್ಲಿ, ಸುಲಭವಾಗಿ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ, ಚಿಕ್ಕ ಹುಡುಗಿಯೊಬ್ಬಳು ಮೇಲಿನಿಂದ ಚಾಚಿದ ದೇವರ ಕೈಯ ಮುಂದೆ ಬಾಗಿ ಬಿದ್ದಿದ್ದಾಳೆ. ಅವಳ ಹಿಂದಣ ಕಮಾನುಗಳಿಂದ ಬೇಡಿಗಳು ತೂಗುತ್ತಿವೆ. ಬೆರ್ನಾರನ ಗ್ರಂಥವನ್ನು ಓದಿದವರಿಗೆ ಮಾತ್ರ ಈ ಬೇಡಿಗಳ ಅರ್ಥ ತಿಳಿಯುವುದು. ಅಥವಾ, ಅಂದಿನಂತೆ, ಆ ಬೇಡಿಗಳನ್ನು ದೇವಾಲಯದೊಳಗೆ ಕಣ್ಣಾರೆ ಕಂಡವರಿಗೆ. ಶಿಲ್ಪ, ಗ್ರಂಥ, ಲೋಕರೂಢಿ ಮೂರೂ ಒಂದಕ್ಕೊಂದು ಸಾಕ್ಷಿಯಾಗಿ ನಿಲ್ಲುವ ಇಂಥ ಸಂದರ್ಭ ಮಧ್ಯಯುಗದ ಚರಿತ್ರೆಯಲ್ಲಿ ವಿರಳ.

೫

ಸಾಂತಾ ಫೆಯ ಕೀರ್ತಿಗೆ ನಾಲ್ಕನೆಯ ಸಾಕ್ಷಿಯೊಂದುಂಟು; ಅದು ಕಾವ್ಯ. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ, ಹಳೆಯ ಆಕ್ಸಿತಾನ್ ಭಾಷೆಯಲ್ಲಿ, ೫೯೩ ಪಂಕ್ತಿಗಳ 'ಸಾಂತಾ ಫೆಯ ಹಾಡು' ರಚಿತವಾಯಿತು. ತ್ರುಬದೂರ್ ಕವಿಗಳ ಪ್ರೇಮಗೀತಗಳಿಗಿಂತ ಹಿಂದಿನದಾದ ಈ ಕೃತಿ ಆ ಭಾಷೆಯ ಅತ್ಯಂತ ಪ್ರಾಚೀನ ಕಾವ್ಯಗಳಲ್ಲಿ ಒಂದು. ಕೊಂಕ್‌ನಲ್ಲಿಯೇ ಹುಟ್ಟಿತೆಂದು ಹೇಳಲಾಗದು. ಭಾಷೆಯ ಲಕ್ಷಣಗಳನ್ನು ನೋಡಿ ವಿದ್ವಾಂಸರು ಅದನ್ನು ದಕ್ಷಿಣಕ್ಕೆ, ಪಿರೆನೀಸ್ ಪರ್ವತಗಳ ಕಡೆಗೆ, ಒಯ್ಯುವರು. ಆದರೂ ಸಂತಳ ಕಥೆಯನ್ನು ಲ್ಯಾಟಿನಿನಿಂದ ಬಿಡಿಸಿ ಜನರ ನುಡಿಗೆ ತಂದ ಈ ಕವಿಯು, ಜಾಗರಣೆಯ ರಾತ್ರಿ ಹಾಡಿದ ಆ ಒಕ್ಕಲಿಗರ ಬಂಧುವೆಂದರೆ ತಪ್ಪಾಗಲಾರದು.

ಈ ಕಾವ್ಯದ ಗತಿಯೂ ವಿಚಿತ್ರವಾದುದು. ೧೫೮೧ರಲ್ಲಿ ಕ್ಲೋದ್ ಫೋಶೆ ಎಂಬ ವಿದ್ವಾಂಸನು ಅದರ ಕೆಲವು ಪಂಕ್ತಿಗಳನ್ನು ತನ್ನ ಗ್ರಂಥದಲ್ಲಿ ಅಚ್ಚುಹಾಕಿದನು. ಆಮೇಲೆ ಹಸ್ತಪ್ರತಿ ಕಣ್ಮರೆಯಾಯಿತು. ಮುನ್ನೂರಿಪ್ಪತ್ತು ವರ್ಷ ಆ ಪಂಕ್ತಿಗಳಲ್ಲದೆ ಬೇರೇನೂ ಉಳಿಯಲಿಲ್ಲವೆಂದೇ ನಂಬಿದ್ದರು. ೧೯೦೧ರಲ್ಲಿ ಪೋರ್ಚುಗಲ್ಲಿನ ಪಂಡಿತರಾದ ಜೊಸೆ ಲೆಯಿತೆ ದೆ ವಾಸ್ಕೊನ್ಸೆಲೋಸ್ ಅವರು ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿ ಅದನ್ನು ಕಂಡುಹಿಡಿದರು. ರುಯೆರ್ಗಿನ ಸಂತಳ ಹಾಡು ರುಯೆರ್ಗಿಗೆ ಮರಳಿದುದು ಹೀಗೆ, ಎರಡು ಪರದೇಶಗಳ ಮೂಲಕ.

೬

ಹದಿಮೂರನೆಯ ಶತಮಾನದಿಂದ ಈಚೆಗೆ ಕೊಂಕ್‌ನ ದೆಸೆ ಇಳಿಯಿತು. ಯಾತ್ರೆ ಕಡಿಮೆಯಾಯಿತು. ಹದಿನಾರನೆಯ ಶತಮಾನದಲ್ಲಿ ಯತಿಗಳ ಮಠವಿದ್ದುದು ನಿಯಮಮುಕ್ತರಾದ ಪಾದ್ರಿಗಳ ಕೂಟವಾಯಿತು. ಮತಯುದ್ಧಗಳಲ್ಲಿ ಪ್ರಾಟೆಸ್ಟಂಟರ ಬೆಂಕಿಗೆ ದೇವಾಲಯ ತುತ್ತಾಯಿತು. ದಾರಿಯಿಂದ ಬೆಳೆದ ಊರು ದಾರಿ ಬತ್ತಿದೊಡನೆ ಬಡವಾಯಿತು. ಈ ಬಡತನವೇ ಅದನ್ನು ಉಳಿಸಿದ ಮೊದಲನೆಯ ಕಾರಣ. ಹಣವಿದ್ದ ಊರುಗಳು ಹಳೆಯ ಮನೆಗಳನ್ನು ಕೆಡವಿ ಹೊಸವನ್ನು ಕಟ್ಟಿಕೊಂಡುವು. ಕೊಂಕ್‌ಗೆ ಆ ಶಕ್ತಿ ಇರಲಿಲ್ಲ.

ಎರಡನೆಯ ಕಾರಣ ಊರಿನವರ ಧೈರ್ಯ. ೧೭೮೯ರ ಮಹಾಕ್ರಾಂತಿಯ ಅನಂತರ ದೇವಾಲಯಗಳ ಬೆಳ್ಳಿಬಂಗಾರಗಳನ್ನು ಸರ್ಕಾರ ವಶಪಡಿಸಿಕೊಂಡು ಕರಗಿಸುತ್ತಿತ್ತು. ದೇಶದ ದೊಡ್ಡ ದೊಡ್ಡ ಮಠಗಳ ಭಂಡಾರಗಳು ಹೀಗೆಯೇ ನಾಶವಾದುವು. ಅಧಿಕಾರಿಗಳು ಬರುವ ಮೊದಲೇ ಕೊಂಕ್‌ನ ಜನರು ರಾತ್ರಿಯಲ್ಲಿ ಒಡವೆಗಳನ್ನು ಹಂಚಿಕೊಂಡು, ಮನೆಗಳಲ್ಲಿಯೂ, ತೋಟಗಳಲ್ಲಿಯೂ, ಚೆಸ್ಟ್‌ನಟ್ ಕಾಯಿಗಳನ್ನು ಒಣಗಿಸುವ ಗುಡಿಸಲುಗಳಲ್ಲಿಯೂ ಬಚ್ಚಿಟ್ಟರೆಂದು ಪರಂಪರೆ. ಕಾಲ ತಿಳಿಯಾದಮೇಲೆ ಅವು ಮರಳಿ ಬಂದುವು. ಒಂಬತ್ತು ಹತ್ತನೆಯ ಶತಮಾನಗಳ ಚಿನ್ನದ ಮೂರ್ತಿಯು ಇಂದು ನಮ್ಮ ಕಣ್ಣಿಗೆ ದೊರಕುವುದು ಆ ಒಕ್ಕಲಿಗರ ಪ್ರಾಮಾಣಿಕತೆಯಿಂದ. ಹಸಿವು ಅರಿಯದವರಲ್ಲ ಅವರು. ಬಚ್ಚಿಟ್ಟ ಚಿನ್ನದ ಬೆಲೆ ಅರಿಯದವರೂ ಅಲ್ಲ. ಯತಿಯ ಕಳವಿನಿಂದ ಆರಂಭವಾದ ಚರಿತ್ರೆಯಲ್ಲಿ ಇದು ನೆನಪಿಡತಕ್ಕ ಮಾತು. ಆದರೆ ಅವರನ್ನು ಆದರ್ಶೀಕರಿಸುವುದೂ ಸಲ್ಲದು. ಮಠದ ಹಾಳುಬಿದ್ದ ಮೊಗಸಾಲೆಯ ಕಲ್ಲುಗಳನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಿತ್ತು ಮನೆಕಟ್ಟಲು ಒಯ್ದವರೂ ಸುತ್ತಣ ಜನರೇ.

ಮೂರನೆಯ ಕಾರಣ ಮತ್ತೊಬ್ಬ ಪ್ರೇಕ್ಷಕ. ೧೮೩೪ರಲ್ಲಿ ಐತಿಹಾಸಿಕ ಸ್ಮಾರಕಗಳ ಮುಖ್ಯ ಪರೀಕ್ಷಕರಾಗಿ ನಿಯಮಿತರಾದ, ಕಥೆಗಾರರೆಂದು ಪ್ರಸಿದ್ಧರಾದ, ಪ್ರೊಸ್ಪೆರ್ ಮೆರಿಮೆಯವರು ೧೮೩೭ರಲ್ಲಿ ಇಲ್ಲಿಗೆ ಬಂದರು. ಇಂಥ ನಿರ್ಜನವಾದ ಕಣಿವೆಯಲ್ಲಿ ಇಂಥ ಸಂಪತ್ತನ್ನು ಅವರು ನಿರೀಕ್ಷಿಸಿರಲಿಲ್ಲ. ಮರುವರ್ಷ ಅಚ್ಚಾದ ಪ್ರವಾಸವರದಿಯಲ್ಲಿ ಅವರು ದೇವಾಲಯವನ್ನು ವಿವರಿಸಿ ಅದರ ಅಪಾಯಸ್ಥಿತಿಯನ್ನು ಸರ್ಕಾರಕ್ಕೆ ತಿಳಿಸಿದರು; ೧೮೪೦ರ ಮೊದಲನೆಯ ಸ್ಮಾರಕಪಟ್ಟಿಯಲ್ಲಿ ಕೊಂಕ್ ಸೇರಿತು. ೧೮೭೩ರಲ್ಲಿ ಪ್ರೆಮೊಂತ್ರೆ ಪಂಥದ ಯತಿಗಳು ಬಂದು ನೆಲಸಿದರು; ೧೮೭೫ರಲ್ಲಿ, ಗೋಡೆಯೊಳಗೆ ಅಡಗಿದ್ದ ಪೆಟ್ಟಿಗೆಯಲ್ಲಿ ಸಾಂತಾ ಫೆಯವೆನ್ನುವ ಅಸ್ಥಿಗಳು ದೊರೆತುವು. ಪಶ್ಚಿಮಮುಖದ ಎರಡು ಗೋಪುರಗಳ ಈಗಿನ ಶಿಖರಗಳು ಆ ಶತಮಾನದ ಜೀರ್ಣೋದ್ಧಾರದವು.

೭

ಇಪ್ಪತ್ತನೆಯ ಶತಮಾನದಲ್ಲಿ ಬಂದವರ ಪೈಕಿ ರೊದೆಜಿನ ಚಿತ್ರಕಾರರಾದ ಪಿಯೆರ್ ಸೂಲಾಜ್ ಅವರನ್ನು ಹೇಳದೆ ಬಿಡಲಾಗದು. ೧೯೧೯ರಲ್ಲಿ ಹುಟ್ಟಿದ ಅವರು ವಿದ್ಯಾರ್ಥಿಯಾಗಿದ್ದಾಗ ಈ ದೇವಾಲಯವನ್ನು ನೋಡಿ, ಕಲೆಯೇ ತಮ್ಮ ಬಾಳಿನ ಕೆಲಸವೆಂದು ಅಲ್ಲಿ ನಿಶ್ಚಯಿಸಿಕೊಂಡುದಾಗಿ ಹೇಳುತ್ತಿದ್ದರು. ೧೯೮೭ರಿಂದ ೧೯೯೪ರ ವರೆಗೆ ಅವರು ಇಲ್ಲಿಯ ೧೦೪ ಕಿಟಕಿಗಂಡಿಗಳಿಗೆ ಬಣ್ಣವೂ ಚಿತ್ರವೂ ಇಲ್ಲದ, ಬೆಳಕನ್ನು ಚೆದರಿಸಿ ಒಳಬಿಡುವ ಗಾಜನ್ನು ಅಳವಡಿಸಿದರು. ಹೊತ್ತಿಗೆ ತಕ್ಕಂತೆ ಬೆಳಕು ಬದಲಾಗುತ್ತ ಕಲ್ಲಿನ ಬಣ್ಣವೂ ಬದಲಾಗುವುದು.

ಇದೇ ಕಾಲದಲ್ಲಿ ಹಳೆಯ ದಾರಿಗೂ ಜೀವ ಬಂದಿತು. ೧೯೭೦ರ ದಶಕದಿಂದ ಲ ಪ್ಯುಯಿಯ ಮಾರ್ಗವನ್ನು ಗುರುತುಹಾಕಿ ಕಾಲುನಡೆಯವರಿಗೆ ತೆರೆದಿದ್ದಾರೆ. ಅಲ್ಲಿಂದ ಕೊಂಕ್‌ಗೆ ಸುಮಾರು ೨೦೦ ಕಿಲೋಮೀಟರು. ಒಬ್ರಾಕಿನ ಬೋಳು ಪ್ರಸ್ಥಭೂಮಿಯನ್ನು ದಾಟಿ, ಲೋತ್ ನದಿಯ ಕಣಿವೆಯಲ್ಲಿ ಎಸ್ಪಾಲಿಯೋಂ, ಎಸ್ತೇಂ ಎಂಬ ಊರುಗಳನ್ನು ಹಾದು ಬಂದವರು ಮೇಲಿನಿಂದ ಕಡಿದಾದ ಕಾಲುದಾರಿಯಲ್ಲಿ ಊರಿಗೆ ಇಳಿಯುವರು. ಹೊರಡುವಾಗ ಬಾರಿ ಎಂಬ ಹೆಬ್ಬಾಗಿಲನ್ನು ದಾಟಿ ದೂರ್ದೂ ಸೇತುವೆಗೆ ಇಳಿದು, ಎದುರು ಬೆಟ್ಟವನ್ನು ಏರಿ, ಸಾಂತಾ ಫೆಯ ಚಿಕ್ಕ ಗುಡಿಯ ಗಂಟೆಯನ್ನು ಬಾರಿಸಿ ಮುಂದೆ ಸಾಗುವರು. ಇಷ್ಟು ದೂರ ನಡೆಯಲಾರದವರು ಬಾಂಕರೆಲ್ ದಿಬ್ಬಕ್ಕೆ ಹೋಗಿಬರುವರು. ಅಥವಾ ಹೊಳೆಯ ಗುಂಟ, ದೂರ್ದೂ ಲೋತನ್ನು ಸೇರುವ ಗ್ರಾಂ ವಾಬ್ರ್ ವರೆಗೆ ಚೆಸ್ಟ್‌ನಟ್ ಕಾಡುಗಳ ನಡುವೆ ಅಡ್ಡಾಡುವರು. ೧೯೯೮ರಲ್ಲಿ ಯುನೆಸ್ಕೋ ಸಂಸ್ಥೆಯು ಫ್ರಾನ್ಸಿನ ಸಾಂತಿಯಾಗೊ ಮಾರ್ಗಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ದೇವಾಲಯದೊಡನೆ ಈ ಸೇತುವೆಯೂ ಸೇರಿತು. ೨೦೧೬ರಲ್ಲಿ ನೆರೆಯ ಊರುಗಳೊಡನೆ ಕೂಡಿ ಕೊಂಕ್ ಒಂದೇ ಪುರಾಡಳಿತವಾಯಿತು.

ಆ ಸೇತುವೆಯ ಹೆಸರಿನಲ್ಲಿ ಒಂದು ಪಾಠವುಂಟು. ಅದನ್ನು ಜನ 'ರೋಮನ್ ಸೇತುವೆ' ಎನ್ನುವರು. ನೋಡಬಂದವರು ರೋಮನರು ಕಟ್ಟಿದುದೆಂದು ತಿಳಿಯುವರು. ಆದರೆ ಕಟ್ಟಡ ಮಧ್ಯಯುಗದ್ದು. ಆಕ್ಸಿತಾನ್ ಭಾಷೆಯಲ್ಲಿ 'ರುಮಿಯು' ಎಂದರೆ ಯಾತ್ರಿಕ. ಮೊದಲು ರೋಮಿಗೆ ಹೋಗುವವನು, ಆಮೇಲೆ ಯಾವ ಕ್ಷೇತ್ರಕ್ಕೆ ಹೋಗುವವನಾದರೂ ಸರಿಯೆ. ಯಾತ್ರಿಕರ ಸೇತುವೆ ಎಂಬ ಹೆಸರು, ಮಾತು ಮರೆತ ಕಿವಿಗಳಲ್ಲಿ, ರೋಮನರ ಸೇತುವೆಯಾಯಿತೆಂದು ವಿವರಿಸುತ್ತಾರೆ. ಕಲ್ಲು ನಿಂತಿದೆ; ಕಲ್ಲಿನ ಅರ್ಥವನ್ನು ಹೇಳುತ್ತಿದ್ದ ನುಡಿ ಜಾರಿದೆ.

ಈ ನುಡಿ ಜಾರಿದುದು ತಾನಾಗಿ ಅಲ್ಲ. ೧೫೩೯ರ ರಾಜಶಾಸನದಿಂದ ನ್ಯಾಯಾಲಯದ ಪತ್ರಗಳೆಲ್ಲ ಫ್ರೆಂಚ್ ಭಾಷೆಯಲ್ಲಿರಬೇಕಾಯಿತು. ಕ್ರಾಂತಿಯ ಕಾಲದಲ್ಲಿ, ೧೭೯೪ರಲ್ಲಿ, ಗ್ರೆಗ್ವಾರ್ ಎಂಬ ಪಾದ್ರಿಯು ಪ್ರಾಂತೀಯ ನುಡಿಗಳನ್ನು ಅಳಿಸತಕ್ಕದ್ದೆಂದು ರಾಷ್ಟ್ರಸಭೆಗೆ ವರದಿಯನ್ನೊಪ್ಪಿಸಿದನು. ೧೮೮೦ರ ದಶಕದ ಕಡ್ಡಾಯ ಶಾಲೆಗಳು ಆ ಕೆಲಸವನ್ನು ಮನೆಮನೆಗೆ ಒಯ್ದುವು. ಶಾಲೆಯಲ್ಲಿ ಅದಕ್ಕೆ ಅಲ್ಪಸ್ವಲ್ಪ ಸ್ಥಾನ ಕೊಟ್ಟ ಕಾನೂನು ಬಂದುದು ೧೯೫೧ರಲ್ಲಿ. ಸೇತುವೆಯನ್ನು ಪರಂಪರೆಯೆಂದು ಪಟ್ಟಿಮಾಡಿದ ಯುನೆಸ್ಕೋ ಸಂಸ್ಥೆಯೇ, ಆ ಸೇತುವೆಗೆ ಹೆಸರಿಟ್ಟ ಭಾಷೆಯನ್ನು ಅಳಿವಿನ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ.

೮

ಮೇಲೆ ಹೇಳಿದುದನ್ನು ಸಂಗ್ರಹಿಸಿದರೆ ಹೀಗಾಗುವುದು. ಕೊಂಕ್‌ಗೆ ಪ್ರತಿಷ್ಠೆ ಬಂದುದು ದಾರಿಯಿಂದ. ಅದು ಬದಲಾಗದೆ ನಿಂತುದು ಬಡತನದಿಂದ. ಭಂಡಾರ ಉಳಿದುದು ಊರಿನವರಿಂದ. ಕಟ್ಟಡ ಉಳಿದುದು ಹೊರಗಿನಿಂದ ಬಂದು ಕಣ್ಣಿಟ್ಟು ನೋಡಿದವರಿಂದ. ಆದುದರಿಂದ ಪ್ರೇಕ್ಷಣೆಯೆಂಬುದನ್ನು ಕೇವಲ ವಿನೋದವೆಂದು ತಳ್ಳಿಹಾಕಲಾಗದು. ಆದರೆ ಪ್ರೇಕ್ಷಕರಲ್ಲಿಯೂ ಭೇದವುಂಟು. ಮೆರಿಮೆಯವರು ಕಲ್ಲನ್ನು ನೋಡಿದರು, ಕಲ್ಲು ಉಳಿಯಿತು. ಸೂಲಾಜ್ ಅವರು ಬೆಳಕನ್ನು ನೋಡಿದರು, ಬೆಳಕು ದೊರಕಿತು. ಅಲ್ಲಿಯ ಜನರ ಮಾತನ್ನು ಕಿವಿಗೊಟ್ಟು ಕೇಳಿದವನು, ಇವರೆಲ್ಲರಿಗಿಂತ ಎಂಟುನೂರು ವರ್ಷ ಹಿಂದೆ ಬಂದ ಬೆರ್ನಾರನು. ಅವನೂ ತಿರಸ್ಕಾರದಿಂದಲೇ ಬಂದವನು. ಆದರೆ ಕೇಳಿ, ಒಪ್ಪಿ, ಬರೆದಿಟ್ಟುದರಿಂದ ಹಳ್ಳಿಗರ ಹಾಡಿನ ಸುದ್ದಿಯಾದರೂ ನಮಗೆ ಉಳಿಯಿತು. ಅವರು ಹಾಡಿದುದೇನೆಂಬುದನ್ನು ಮಾತ್ರ ಅವನೂ ಬರೆದುಕೊಳ್ಳಲಿಲ್ಲ. ಆ ಒಂದು ರಾತ್ರಿಯ ಹಾಡುಗಳಲ್ಲಿ ಒಂದನ್ನಾದರೂ ಅವನು ಬರೆದಿಟ್ಟಿದ್ದರೆ, ಭಂಡಾರದ ಯಾವ ರತ್ನಕ್ಕೂ ಅದು ಬೆಲೆಯಲ್ಲಿ ಕಡಿಮೆಯಾಗುತ್ತಿರಲಿಲ್ಲ.